ಎಲ್ಲ ಪ್ರೊಸೆಸರಿಗೂ ಒಗ್ಗದ ಪ್ಯಾಕೇಜು

ಕೇಳುಗರೆ, ನಮಸ್ಕಾರ.

ಡೆಬಿಯನ್ ಅನ್ನುವ ಲಿನಕ್ಸ್ ವ್ಯವಸ್ಥೆಯಲ್ಲಿ ಪ್ಯಾಕೇಜು, ಅಂದರೆ ಹಾಕಿಕೊಳ್ಳಲು ಸಿದ್ಧಪಡಿಸಿದ ಪ್ರೋಗ್ರಾಮಿನ ಕಟ್ಟು, ನೋಡಿಕೊಳ್ಳುವವರು ಸೋರ್ಸನ್ನು, ಅಂದರೆ ಮೂಲ ಕೋಡನ್ನು, ಒಂದೇ ಸಲ ಕಳಿಸುತ್ತಾರೆ. ಬಿಲ್ಡ್ ಸರ್ವರುಗಳು ಅದನ್ನು ಒಂದೊಂದು ಬಗೆಯ ಪ್ರೊಸೆಸರಿಗೂ ಬೇರೆ ಬೇರೆಯಾಗಿ ಕಂಪೈಲ್ ಮಾಡುತ್ತವೆ, ಅಂದರೆ ಆ ಯಂತ್ರ ಓಡಿಸಬಲ್ಲ ಬೈನರಿಯಾಗಿಸುತ್ತವೆ; ಇದೇ ಬಿಲ್ಡ್. 2025ರ ಆಗಸ್ಟಿನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ಮಾಮೂಲಿ ಪಿಸಿಯ ಎಎಂಡಿ64 ಇದೆ, ರಾಸ್‌ಬೆರಿ ಪೈನಂಥ ಬೋರ್ಡುಗಳ ಎಆರ್‌ಎಂ64 ಇದೆ, ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್ ಇದೆ. ಇನ್ನೊಂದು ಬಗೆಯಾದ ರಿಸ್ಕ್‌ವಿ64 ಅಧಿಕೃತ ಪಟ್ಟಿಗೆ ಸೇರಿದ್ದು ಇದರಲ್ಲೇ ಮೊದಲು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿದ ಪ್ರೋಗ್ರಾಮು ಇವುಗಳಲ್ಲಿ ಯಾವುದೋ ಒಂದರಲ್ಲಿ ಕೈಕೊಟ್ಟರೆ ಏನು ಮಾಡಬೇಕು? ಇವತ್ತಿನ ಮಾತು ಅದರ ಬಗ್ಗೆ.

ಪ್ಯಾಕೇಜಿನ ವಿವರ ಬರೆದಿಡುವ ಕಂಟ್ರೋಲ್ ಫೈಲಿನಲ್ಲಿ ‘ಆರ್ಕಿಟೆಕ್ಚರ್’, ಅಂದರೆ ಪ್ರೊಸೆಸರಿನ ಬಗೆ, ಅನ್ನುವ ಸಾಲು ಇರುತ್ತದೆ. ಅಲ್ಲಿ ‘ಆಲ್’ ಎಂದಿದ್ದರೆ ಎಲ್ಲ ಯಂತ್ರಕ್ಕೂ ಒಂದೇ ಪ್ಯಾಕೇಜು ಸಾಕು. ಕನ್ನಡದ ಗುಬ್ಬಿ, ನವಿಲು ಫಾಂಟುಗಳು ಹೀಗೇ. ಅಕ್ಷರದ ಆಕಾರಕ್ಕೆ ಪ್ರೊಸೆಸರ್ ಯಾವುದಾದರೇನು? ‘ಎನಿ’ ಎಂದಿದ್ದರೆ ಪ್ರತಿಯೊಂದರಲ್ಲೂ ಬೇರೆಯಾಗಿ ಬಿಲ್ಡ್ ಮಾಡಿ ನೋಡುತ್ತಾರೆ. ಒಂದು ಕಡೆ ಬಿಲ್ಡ್ ಕೆಟ್ಟ ಕೂಡಲೇ ‘ಎನಿ’ ಅಳಿಸಿ, ‘ಎಎಂಡಿ64 ಎಆರ್‌ಎಂ64’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಬಿಲ್ಡ್ ಲಾಗ್, ಅಂದರೆ ಬಿಲ್ಡಿನ ದಾಖಲೆ, ಓದಿ. ಎಷ್ಟೋ ಸಲ ತಪ್ಪು ಕೋಡಿನದೇ ಆಗಿರುತ್ತದೆ, ಯಂತ್ರದ್ದಲ್ಲ.

ಎಸ್390ಎಕ್ಸ್ ತೆಗೆದುಕೊಳ್ಳಿ. ಅದು ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಬೈಟು ಮೊದಲು. ಪಿಸಿ ಲಿಟ್ಲ್ ಎಂಡಿಯನ್, ಸಣ್ಣ ಬೈಟು ಮೊದಲು. ಅಲ್ಲಿ ನಾಲ್ಕು ಬೈಟಿನ 1 ಅನ್ನು ಫೈಲಿಗೆ ಬರೆದರೆ 01 00 00 00 ಎಂದು ಕೂರುತ್ತದೆ. ಅದೇ ಬೈಟುಗಳನ್ನು ಎಸ್390ಎಕ್ಸ್ ನೇರವಾಗಿ ಓದಿದರೆ ಸಿಗುವುದು 1,67,77,216. ಟೆಸ್ಟ್ ಬೀಳದೆ ಇನ್ನೇನಾದೀತು? ಓದುವ ಕಡೆ ಬೈಟುಗಳನ್ನು ಯಂತ್ರದ ಕ್ರಮಕ್ಕೆ ತರುವ ‘ಎಲ್‌ಇ32ಟುಎಚ್’ ಫಂಕ್ಷನ್ ಹಾಕಿದರೆ ಮುಗಿಯಿತು, ಒಂದು ಸಾಲಿನ ತಿದ್ದುಪಡಿ.

ಇನ್ನೊಂದು ಮೋಸ ಸಿ ಭಾಷೆಯಲ್ಲಿ ಒಂದು ಅಕ್ಷರ ಇಡುವ ‘ಚಾರ್’. ಪಿಸಿಯಲ್ಲಿ ಅದಕ್ಕೆ ಮೈನಸ್ ಬೆಲೆಯೂ ಉಂಟು. ಎಆರ್‌ಎಂ, ಪವರ್, ಎಸ್390ಎಕ್ಸ್‌ಗಳ ಲಿನಕ್ಸಿನಲ್ಲಿ ಇಲ್ಲ. ಒಂದೊಂದೇ ಅಕ್ಷರ ಓದಿ, ಫೈಲ್ ಮುಗಿದಾಗ ಮೈನಸ್ ಒಂದು ಕೊಡುವ ‘ಗೆಟ್‌ಚಾರ್’ ಫಂಕ್ಷನ್ ಕೊಟ್ಟದ್ದನ್ನು ಚಾರ್‌ನಲ್ಲಿ ಇಟ್ಟು ಫೈಲ್ ಮುಗಿಯಿತೇ ಎಂದು ನೋಡುವ ಲೂಪು ಅಲ್ಲಿ ನಿಲ್ಲುವುದೇ ಇಲ್ಲ, ಏಕೆಂದರೆ ಮೈನಸ್ ಒಂದು 255 ಆಗಿಬಿಟ್ಟಿರುತ್ತದೆ. ಆಗ ಲಾಗಿನ ಕೊನೆಯಲ್ಲಿ ಎರರ್ ಹುಡುಕಿದರೆ ಸಿಗದು. 150 ನಿಮಿಷ ಏನೂ ಸದ್ದಿಲ್ಲದ್ದಕ್ಕೆ ಬಿಲ್ಡನ್ನು ಕೊಂದಿದ್ದೇವೆ ಎಂಬ ಸಾಲು ಮಾತ್ರ ಕಾಣುತ್ತದೆ. ವೇರಿಯಬಲ್ಲನ್ನು ಮೈನಸ್ ಬೆಲೆಯನ್ನೂ ಹಿಡಿಯುವ ‘ಇಂಟ್’ ಮಾಡಿ, ಸರಿಹೋಗುತ್ತದೆ.

32 ಬಿಟ್ ಯಂತ್ರದಲ್ಲಿ ಕಂಪೈಲಾದ ತುಂಡುಗಳನ್ನು ಜೋಡಿಸುವ ಲಿಂಕರಿಗೆ ಮೆಮೊರಿ ಸಾಲದೆ ಹೋದರೆ ಡೀಬಗ್ ಮಾಹಿತಿಯನ್ನು ಕಂಪೈಲರಿನ ‘ಮೈನಸ್ ಜಿ1’ ಆಯ್ಕೆಗೆ ಇಳಿಸಿ ನೋಡಿ. ಬಿಲ್ಡ್ ಮಾಡುವ ಯಂತ್ರಕ್ಕೇ ಹೊಂದಿಸು ಎನ್ನುವ ‘ಮಾರ್ಚ್ ಈಕ್ವಲ್ಸ್ ನೇಟಿವ್’ ಆಯ್ಕೆ ಎಲ್ಲೇ ಕಂಡರೂ ಕಿತ್ತುಹಾಕಿ. ಬಿಲ್ಡ್ ಸರ್ವರಿನ ಹೊಸ ಪ್ರೊಸೆಸರಿಗೆ ಹೊಂದಿಸಿದ ಪ್ರೋಗ್ರಾಮು ಬಳಕೆದಾರರ ಹಳೆಯ ಯಂತ್ರದಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಸಾಯುತ್ತದೆ. ಇಂಥವನ್ನೆಲ್ಲ ಪರೀಕ್ಷಿಸಲು ಮನೆಯಲ್ಲಿ ಮೇನ್‌ಫ್ರೇಮ್ ಬೇಕಿಲ್ಲ. ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಹಾಕಿಕೊಂಡು ಎಸ್390ಎಕ್ಸ್‌ನ ಕ್ರೂಟ್, ಅಂದರೆ ಪ್ರತ್ಯೇಕ ಫೋಲ್ಡರಿನಲ್ಲಿ ಆ ಯಂತ್ರದ ಡೆಬಿಯನ್, ಮಾಡಿಕೊಂಡರೆ ಆಯಿತು. ನಿಧಾನ ನಿಜ, ಆದರೆ ಎಂಡಿಯನ್ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟಾದರೂ ಕೆಲವು ಪ್ಯಾಕೇಜು ನಿಜಕ್ಕೂ ಎಲ್ಲೆಡೆ ಓಡಲಾರವು. ಲುವಾ ಭಾಷೆಯ ಪ್ರೋಗ್ರಾಮುಗಳನ್ನು ವೇಗವಾಗಿ ಓಡಿಸುವ ಲುವಾಜಿಟ್ ಅಂಥದ್ದು, ಪ್ರತಿ ಪ್ರೊಸೆಸರಿಗೂ ಅದಕ್ಕೆ ಕೈಯಾರೆ ಬರೆದ ಅಸೆಂಬ್ಲಿ ಬೇಕು. ಇಂಥಲ್ಲಿ ಹೆಸರುಗಳ ಪಟ್ಟಿ ಕೊಡುವುದು ಸರಿಯೇ. ಆದರೆ ಕಾರಣ 64 ಬಿಟ್ ಬೇಕು ಅಥವಾ ಲಿಟ್ಲ್ ಎಂಡಿಯನ್ ಬೇಕು ಎಂಬಷ್ಟೇ ಆದರೆ ಕಾರಣವನ್ನೇ ಬರೆಯಿರಿ. ಆರ್ಕಿಟೆಕ್ಚರ್ ‘ಎನಿ’ ಆಗಿಯೇ ಇರಲಿ; ಬಿಲ್ಡಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಾದ ಬಿಲ್ಡ್-ಡಿಪೆಂಡ್ಸ್‌ನಲ್ಲಿ ‘ಆರ್ಕಿಟೆಕ್ಚರ್-ಈಸ್-64-ಬಿಟ್’ ಅಥವಾ ‘ಆರ್ಕಿಟೆಕ್ಚರ್-ಈಸ್-ಲಿಟ್ಲ್-ಎಂಡಿಯನ್’ ಸೇರಿಸಿ. ಹೊಂದದ ಯಂತ್ರದಲ್ಲಿ ಆ ಅವಲಂಬನೆ ಸಿಗದೆ ಬಿಲ್ಡ್ ಶುರುವೇ ಆಗುವುದಿಲ್ಲ. ನಾಳೆ ರಿಸ್ಕ್‌ವಿ64ನಂಥ ಹೊಸದೊಂದು ಬಂದರೆ ನೀವು ಏನೂ ಮುಟ್ಟದೆ ಬಿಲ್ಡ್ ಆಗುತ್ತದೆ. ಹೆಸರಿನ ಪಟ್ಟಿಯಾದರೆ ಯಾರಾದರೂ ಬಂದು ತಿದ್ದುವ ತನಕ ಆ ಬಳಕೆದಾರರು ಹೊರಗೇ.

ನಿಮ್ಮ ಪ್ಯಾಕೇಜು ಲುವಾಜಿಟ್ಟನ್ನು ಬಳಸುತ್ತಿದ್ದರೆ, ಅದು ಇರುವ ಕಡೆ ಅದನ್ನೂ ಇಲ್ಲದ ಕಡೆ ಸಾದಾ ಲುವಾ 5.1 ಅನ್ನೂ ಕೇಳಬಹುದು. ಬಿಲ್ಡ್-ಡಿಪೆಂಡ್ಸ್‌ನಲ್ಲಿ ಲುವಾಜಿಟ್ ಹೆಸರಾದ ಮೇಲೆ ಚೌಕ ಕಂಸದಲ್ಲಿ ‘ಎಎಂಡಿ64 ಎಆರ್‌ಎಂ64’, ಲುವಾ 5.1ರ ಹೆಸರಾದ ಮೇಲೆ ಅವೇ ಹೆಸರುಗಳು, ಪ್ರತಿಯೊಂದಕ್ಕೂ ‘ಇದಲ್ಲ’ ಎನ್ನುವ ಆಶ್ಚರ್ಯಸೂಚಕ ಹಚ್ಚಿ. ಒಂದೇ ಕಂಸದಲ್ಲಿ ಕೆಲವಕ್ಕೆ ಹಚ್ಚಿ ಕೆಲವಕ್ಕೆ ಬಿಡುವಂತಿಲ್ಲ. ‘ಇದು ಅಥವಾ ಅದು’ ಎಂದು ಉದ್ದಗೆರೆ ಹಾಕಿ ಬರೆದರೆ ನಡೆಯದು. ಬಿಲ್ಡ್ ಸರ್ವರುಗಳು ಮೊದಲನೆಯದನ್ನಷ್ಟೇ ನೋಡುತ್ತವೆ.

ಬಹಳ ಜನ ಮರೆಯುವುದು ಕೊನೆಯ ಹೆಜ್ಜೆಯನ್ನು. ಹಿಂದೆಂದೂ ಬಿಲ್ಡ್ ಆಗದ ಕಡೆ ಈಗಲೂ ಆಗದಿದ್ದರೆ ಪ್ಯಾಕೇಜು ಮುಂದಿನ ಬಿಡುಗಡೆ ಸಿದ್ಧವಾಗುವ ‘ಟೆಸ್ಟಿಂಗ್’ ವಿಭಾಗಕ್ಕೆ ಹೋಗಲು ಅಡ್ಡಿಯಿಲ್ಲ. ಹಿಂದೆ ಆಗುತ್ತಿದ್ದು ಈಗ ನಿಂತಿದ್ದರೆ, ಹೊಸ ಪ್ಯಾಕೇಜು ಮೊದಲು ಬರುವ ‘ಅನ್‌ಸ್ಟೇಬಲ್’ ವಿಭಾಗದಲ್ಲಿ ಉಳಿದ ಹಳೆಯ ಬೈನರಿ ಹೊಸ ಆವೃತ್ತಿಯನ್ನು ಹಿಡಿದು ನಿಲ್ಲಿಸುತ್ತದೆ. ಆಗ ಆ ಯಂತ್ರದಲ್ಲಿ ನಿಮ್ಮ ಪ್ಯಾಕೇಜನ್ನು ನೆಚ್ಚಿಕೊಂಡವರು ಯಾರ್ಯಾರು ಎಂದು ಮೊದಲು ನೋಡಿ, ಅವರೊಡನೆ ಮಾತಾಡಿ. ಬಳಿಕ ದೂರು ಕಳಿಸುವ ‘ರಿಪೋರ್ಟ್‌ಬಗ್’ನಲ್ಲಿ, ಡೆಬಿಯನ್ ಸಂಗ್ರಹ ನೋಡಿಕೊಳ್ಳುವ ತಂಡಕ್ಕೆ ‘ಎಫ್‌ಟಿಪಿ.ಡೆಬಿಯನ್.ಆರ್ಗ್’ ಹೆಸರಿನಲ್ಲಿ, ಯಾವ ಆರ್ಕಿಟೆಕ್ಚರಿನ ಬೈನರಿ, ಏಕೆ ತೆಗೆಯಬೇಕು ಎಂದು ಸ್ಪಷ್ಟವಾಗಿ ಬರೆದು ಕಳಿಸಿ. ಅವರು ಅದನ್ನು ತೆಗೆದ ಮೇಲೆ ಈ ಅಡ್ಡಿ ನಿವಾರಣೆಯಾಗುತ್ತದೆ.

ನಮಸ್ಕಾರ.