ಉಸಿರಿನ ಕೊರತೆ ಮತ್ತು ಪುರುಷರ ಸಂತಾನಶಕ್ತಿ

ಕೇಳುಗರೆಲ್ಲರಿಗೂ ನಮಸ್ಕಾರ. ಮದುವೆಯಾಗಿ ಎರಡು ಮೂರು ವರ್ಷ ಕಳೆದರೂ ಮಕ್ಕಳಾಗದಿದ್ದರೆ, ಕಾರವಾರ, ಅಂಕೋಲಾ, ಕುಮಟೆಯ ಕಡೆಯ ಅನೇಕ ಮನೆಗಳಲ್ಲಿ ಇಂದಿಗೂ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಸೊಸೆ. ದೇವರಿಗೆ ಹರಕೆ ಹೊರುವವಳೂ ಅವಳೇ, ನೆರೆಹೊರೆಯವರ ಮಾತು ಕೇಳಬೇಕಾದವಳೂ ಅವಳೇ. ಆದರೆ ಇಂತಹ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಜನರ ವಿಷಯದಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಆ ಕಾರಣಗಳ ಪೈಕಿ ನಮ್ಮಲ್ಲಿ ಅತಿ ಕಡಿಮೆ ಚರ್ಚೆಯಾಗುವ ಒಂದನ್ನು, ಅಂದರೆ ದೇಹಕ್ಕೆ ಆಮ್ಲಜನಕ ಸಾಲದೇ ಹೋಗುವುದನ್ನು, ಇಂದು ವಿವರಿಸಲು ಬಯಸುತ್ತೇನೆ.

ವೃಷಣದೊಳಗೆ ವೀರ್ಯಾಣುಗಳು ರೂಪುಗೊಳ್ಳುವುದು ಕೂದಲೆಳೆಯಷ್ಟು ತೆಳುವಾದ ನಾಳಗಳಲ್ಲಿ. ಈ ನಾಳಗಳ ಒಳಗೆ ರಕ್ತನಾಳಗಳಿಲ್ಲ. ಹೊರಗಿನ ರಕ್ತನಾಳಗಳಿಂದ ಜಿನುಗಿ ಒಳಗೆ ತಲುಪುವ ಆಮ್ಲಜನಕವನ್ನೇ ಅಲ್ಲಿನ ಜೀವಕೋಶಗಳು ನೆಚ್ಚಿಕೊಂಡಿವೆ. ಆರೋಗ್ಯವಂತನಲ್ಲಿಯೂ ಅಲ್ಲಿ ಆಮ್ಲಜನಕ ಹಿತಮಿತವಾಗಿಯೇ ಇರುತ್ತದೆ. ಆದ್ದರಿಂದ ರಕ್ತದಲ್ಲಿ ಕೊರತೆ ಹೆಚ್ಚು ಕಾಲ ಮುಂದುವರಿದಾಗ ಬೆಳೆಯುತ್ತಿರುವ ಕೋಶಗಳು ಸಾಯತೊಡಗುತ್ತವೆ, ಮತ್ತು ಆಗ ಹೆಚ್ಚಾಗುವ, ಜೀವಕೋಶಕ್ಕೆ ಹಾನಿ ಮಾಡುವ ಚುರುಕಾದ ಅಣುಗಳಾದ ಫ್ರೀ ರಾಡಿಕಲ್‌ಗಳು ವೀರ್ಯಾಣುವಿನ ಹೊರಪೊರೆಯನ್ನೂ ಡಿಎನ್‌ಎಯನ್ನೂ ಕೆಡಿಸುತ್ತವೆ. ಆಮ್ಲಜನಕದ ಏರಿಳಿತವನ್ನು ಜೀವಕೋಶಗಳು ಹೇಗೆ ಗ್ರಹಿಸುತ್ತವೆ ಎಂಬುದನ್ನು ಕಂಡುಹಿಡಿದ ವಿಜ್ಞಾನಿಗಳಾದ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಇದು ಮನುಷ್ಯರಲ್ಲಿ ಸ್ಪಷ್ಟವಾಗಿ ಕಂಡುಬಂದದ್ದು ಪರ್ವತಾರೋಹಿಗಳಲ್ಲಿ. ಎತ್ತರದ ಶಿಬಿರಗಳಲ್ಲಿ ವಾರಗಟ್ಟಲೆ ಉಳಿದವರಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿದು, ಚಲನೆ ಕುಗ್ಗಿ, ವಿರೂಪಗೊಂಡವುಗಳ ಪ್ರಮಾಣ ಹೆಚ್ಚಿದ್ದು ದಾಖಲಾಗಿದೆ. ಕೆಳಗಿಳಿದು ಕೆಲವು ತಿಂಗಳು ಕಳೆದ ಮೇಲೆ ಹೆಚ್ಚಿನವರಲ್ಲಿ ಅದು ಸರಿಹೋದದ್ದೂ ದಾಖಲಾಗಿದೆ. ಕಡಲ ಮಟ್ಟದ ಕಾರವಾರಕ್ಕೆ ಇದೇನು ಸಂಬಂಧ ಎಂದು ಕೇಳುವವರು, ನಮ್ಮ ಊರುಗಳಿಂದ ಸೇನೆಗೆ ಸೇರಿದ ಹುಡುಗರನ್ನು ನೆನೆಯಬೇಕು. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು, ಅದು ಪಕ್ವವಾಗಿ ಹೊರಬರಲು ಮತ್ತೆ ಒಂದೆರಡು ವಾರ ಹಿಡಿಯುತ್ತದೆ. ಹೀಗಾಗಿ ಅಲ್ಲಿಂದ ರಜೆಯ ಮೇಲೆ ಬಂದ ಯೋಧ ಮರುವಾರವೇ ಇಲ್ಲಿ ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ, ಆ ವರದಿ ಹೇಳುವುದು ಬೆಟ್ಟದ ಮೇಲೆ ಕಳೆದ ತಿಂಗಳುಗಳ ಕಥೆಯನ್ನು. ಅದನ್ನು ನೋಡಿ ಅವನೂ ಅವನ ಹೆಂಡತಿಯೂ ಎದೆಗುಂದುವುದು ಅನ್ಯಾಯ. ತಾನು ಎಲ್ಲಿಂದ ಬಂದೆ, ಎಷ್ಟು ಕಾಲ ಅಲ್ಲಿದ್ದೆ ಎಂಬುದನ್ನು ಅವನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಬೆಟ್ಟ ಹತ್ತದೆಯೂ ಈ ಕೊರತೆ ಬರುತ್ತದೆ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರೇ ನಿಂತು ಬೆಚ್ಚಿ ಏಳುವವರಲ್ಲಿ, ಅಂದರೆ ಸ್ಲೀಪ್ ಅಪ್ನಿಯಾ ಇರುವವರಲ್ಲಿ, ರಾತ್ರಿಯಿಡೀ ಆಮ್ಲಜನಕ ಮತ್ತೆ ಮತ್ತೆ ಕುಸಿಯುತ್ತದೆ. ಅವರಲ್ಲಿ ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರೋನ್ ಕೂಡ ಅನೇಕ ವೇಳೆ ಕಡಿಮೆಯಿರುತ್ತದೆ. ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ನಾವು ಭಾವಿಸಿಬಿಟ್ಟಿದ್ದೇವೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಇನ್ನು ವೃಷಣದ ಅಭಿಧಮನಿಗಳು ಉಬ್ಬುವ ವೆರಿಕೋಸೀಲ್, ಗಂಡಸರಲ್ಲಿ ಶೇಕಡಾ 15ರಷ್ಟು ಜನರಿಗೆ ಇರುತ್ತದೆ, ಹೆಚ್ಚಾಗಿ ಎಡಭಾಗದಲ್ಲಿ. ಅಲ್ಲಿ ರಕ್ತ ತಂಗುವುದರಿಂದ ಬಿಸಿ ಏರುತ್ತದೆ, ಆಮ್ಲಜನಕವೂ ಕುಂದುತ್ತದೆ. ಎಲ್ಲರಿಗೂ ಅದರಿಂದ ತೊಂದರೆಯಾಗುವುದಿಲ್ಲ. ಆದರೆ ವರದಿ ಚೆನ್ನಾಗಿಲ್ಲದಿದ್ದಾಗ ಅದನ್ನು ಹುಡುಕಲೇಬೇಕು, ಏಕೆಂದರೆ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ಕಾರಣ ಅದು.

ಮೀನುಗಳಲ್ಲಿಯೂ ಹೀಗೆಯೇ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಬೆಳೆಸಿದ ಮೆಡಾಕಾ ಎಂಬ ಪುಟ್ಟ ಮೀನಿನ ಗಂಡು ಸಂತತಿಯಲ್ಲಿ, ಆ ನೀರನ್ನು ಎಂದೂ ಕಾಣದ ಮೊಮ್ಮಕ್ಕಳಲ್ಲಿಯೂ ಸಹ, ವೀರ್ಯಾಣುಗಳು ಕಡಿಮೆಯಾದವು. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅರಬ್ಬೀ ಕಡಲಿನ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ತೀರ ಇಳಿಯುವುದರಿಂದ, ಮೀನುಗಾರಿಕೆಯನ್ನೇ ನಂಬಿರುವ ನಮಗೆ ಇದು ದೂರದ ಸಂಗತಿಯಲ್ಲ. ಮನುಷ್ಯರ ವಿಷಯದಲ್ಲಿ ಮೊಮ್ಮಕ್ಕಳವರೆಗೆ ಅಂತಹ ನಿರ್ಣಯ ಮಾಡುವಂತಿಲ್ಲ.

ವೀರ್ಯ ಪರೀಕ್ಷೆ ನೋವಿಲ್ಲದ, ಹೆಚ್ಚು ಖರ್ಚಿಲ್ಲದ ಪರೀಕ್ಷೆ. ಅದಕ್ಕೆ ಮುನ್ನ ಎರಡರಿಂದ ಏಳು ದಿನ ವೀರ್ಯಸ್ಖಲನವಾಗದಂತೆ ಸಂಯಮದಿಂದಿರಬೇಕು. ಮನೆಯಲ್ಲಿ ಸಂಗ್ರಹಿಸಿದರೆ ಒಂದು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಗಿನ ಮಿತಿಯಾಗಿ ನೀಡುತ್ತದೆ; ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲ ಎಂದಲ್ಲ. ಮೊದಲ ವರದಿ ಕಡಿಮೆ ಬಂದರೆ ಧೂಮಪಾನ ಬಿಟ್ಟು, ಗೊರಕೆಗೆ ಚಿಕಿತ್ಸೆ ಪಡೆದು, ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ವೈದ್ಯರ ಬಳಿಗೆ ಗಂಡ ಹೆಂಡತಿ ಇಬ್ಬರೂ ಮೊದಲ ದಿನವೇ ಜೊತೆಯಾಗಿ ಹೋಗಿ.