ಮಾವನ ಹಳೇ ರೀಲ್: ನಾನೇ ಬಿಚ್ಚುದಾ, ಬಿಡುದಾ?

ಹಾಂ, ಬೆಳಕು ಸಾಕಾ? ಸಾಕು. ನಮಸ್ಕಾರ. ಇವತ್ತು ಸಮುದ್ರ ಇಲ್ಲ, ನಮ್ಮ ಊಟದ ಟೇಬಲ್. ಟ್ರಾಲ್ ಬೋಟ್‌ಗಳಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ, ಮಲ್ಪೆ ಬಂದರಿನಲ್ಲಿ ಸಾಲಾಗಿ ಕಟ್ಟಿ ಹಾಕಿದ್ದಾರೆ. ಈ ಅಲೆಗೆ ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಿಂತು ಗಾಳ ಹಾಕುವವನಿಗೆ ತಲೆ ಸರಿ ಇಲ್ಲ ಅಂತಲೇ ಅರ್ಥ. ಹಾಗಾಗಿ ರಿಪೇರಿ. ಅಥವಾ ರಿಪೇರಿ ಮಾಡುದಾ ಬೇಡವಾ ಅಂತ ಚರ್ಚೆ.

ಇದು ಮಿಚೆಲ್ 300, ಗಾಳದ ದಾರ ಸುತ್ತುವ ರೀಲ್. ಮಾವ ಬಹ್ರೇನಿನಲ್ಲಿದ್ದಾಗ ತಗೊಂಡದ್ದು. ಫ್ರಾನ್ಸಿನಲ್ಲಿ ಕ್ಲೂಸ್ ಅಂತ ಗಡಿಯಾರ ಮಾಡುವವರ ಊರೊಂದುಂಟು, ಅಲ್ಲಿ ತಯಾರಾದ ಮಾಲು. ಹ್ಯಾಂಡಲ್ ಎಡಗಡೆ. ಬಲಗೈಯಲ್ಲಿ ತಿರುಗಿಸುವವರಿಗೆ 301 ಅಂತ ಬೇರೆಯೇ ಬರ್ತಿತ್ತು, ಸಮುದ್ರಕ್ಕೆ ಅಂತ ದೊಡ್ಡದು, 302. ಮಾವ 300 ಹಿಡ್ಕೊಂಡು ಸೀದಾ ಸಮುದ್ರಕ್ಕೇ ಹೋದ್ರು. ಈ ಸ್ಕ್ರೂ ಸುತ್ತ ಬಿಳಿ ಹುಡಿ ಕಾಣ್ತದಲ್ಲ? ಬಾಡಿ ಅಲ್ಯೂಮಿನಿಯಂ, ಸ್ಕ್ರೂ ಬೇರೆ ಲೋಹ. ಎರಡಕ್ಕೂ ಉಪ್ಪು ನೀರು ತಾಗಿದ್ರೆ ಅಲ್ಯೂಮಿನಿಯಂ ತಿಂದು ಹೋಗ್ತದೆ. ಇಂಥ ಸ್ಕ್ರೂವನ್ನು ಜೋರು ಮಾಡಿ ತಿರುಗಿಸ್ಬಾರ್ದು, ತಲೆ ಮುರಿದು ಕೈಗೆ ಬರ್ತದೆ. ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟಿದ್ದೆ.

ಈಗ ನಿಜವಾದ ಸಮಸ್ಯೆ. ಬೇಲ್, ಅಂದ್ರೆ ದಾರವನ್ನು ಹಿಡಿದು ಸುತ್ತಿಸುವ ಈ ಬಾಗಿದ ತಂತಿ, ಅದರ ಸ್ಪ್ರಿಂಗ್ ಹೋಗಿದೆ. ಗಾಳ ಎಸೆದು ಹ್ಯಾಂಡಲ್ ತಿರುಗಿಸಿದ್ರೆ ಈ ತಂತಿ ಟಕ್ ಅಂತ ಮುಚ್ಚಬೇಕು. ಮುಚ್ಚುದಿಲ್ಲ, ನೇತಾಡ್ತದೆ. ಒಂದು ಅಂಗಡಿಗೆ ತಗೊಂಡು ಹೋದೆ. ಅವರು ರೀಲನ್ನು ಕೈಗೂ ತಗೊಳ್ಳಲಿಲ್ಲ ಮಾರಾಯ್ರೆ! "ಇದೆಲ್ಲ ಸರ್ವಿಸ್ ಇಲ್ಲ, 1,500ಕ್ಕೆ ಹೊಸದು ಉಂಟು, ತೋರಿಸ್ಲಾ?" ಅಂದ್ರು. ಬೇಡ ಅಂತ ಬಂದು ಆನ್‌ಲೈನಲ್ಲಿ ಹುಡುಕಿದೆ. ಸಿಕ್ಕಿತು. ವಿದೇಶದಲ್ಲಿ ಒಬ್ಬರ ಹತ್ರ ಉಂಟು. ಸ್ಪ್ರಿಂಗಿಗೆ 350 ರೂಪಾಯಿ. ಪರವಾಗಿಲ್ಲ ಅಂತ ಕೆಳಗೆ ನೋಡಿದ್ರೆ ಕಳಿಸ್ಲಿಕ್ಕೆ 2,100! ಇಷ್ಟೇ ಇಷ್ಟು ತಂತಿ ಅದು, ನನ್ನ ಕಿರುಬೆರಳಿನ ಉಗುರಿನ ಮೇಲೆ ಕೂರ್ತದೆ. ಪೋಸ್ಟ್ ಕವರಿನೊಳಗೆ ಹಾಕಿ ಸ್ಟಾಂಪ್ ಅಂಟಿಸಿದ್ರೆ ಆಗುದಿಲ್ವಾ? ಕೇಳಿದೆ, ಮೆಸೇಜ್ ಹಾಕಿಯೇ ಕೇಳಿದೆ. ಆಗುದಿಲ್ಲವಂತೆ, ಟ್ರ್ಯಾಕಿಂಗ್ ಇರುವ ಪಾರ್ಸೆಲ್ಲೇ ಆಗ್ಬೇಕಂತೆ. ಎರಡು ತಗೊಂಡ್ರೆ ಕಡಿಮೆ ಆಗ್ತದಾ ಅಂತ ನೋಡಿದೆ, ಶಿಪ್ಪಿಂಗೂ ಏರಿತು. ಅದ್ಯಾವ ಲೆಕ್ಕ ಅಂತ ಅರ್ಥ ಆಗುದಿಲ್ಲ. ಅದರ ಮೇಲೆ ಕಸ್ಟಮ್ಸಿನವರು ಎಷ್ಟು ಕೇಳ್ತಾರೋ. 2,450 ಕೊಟ್ಟು ಒಂದು ತುಂಡು ತಂತಿ ತರಿಸಿದೆ ಅಂತ ಅಮ್ಮನಿಗೆ ಗೊತ್ತಾದ್ರೆ ಆ ದಿನ ಊಟ ಇಲ್ಲ.

ಆ ಕ್ಷಣ ನಾನು ಡಿಸೈಡ್ ಮಾಡಿದ್ದೆ, ಇದು ಶೋಕೇಸಿಗೆ. ದುಡ್ಡು ಉಳಿಸ್ಲಿಕ್ಕೆ ಹಳೇ ರೀಲ್ ರಿಪೇರಿ ಮಾಡ್ತೇನೆ ಅನ್ನುವವರು ಸುಳ್ಳು ಹೇಳ್ತಾರೆ. ದುಡ್ಡು ಉಳಿಯುದಿಲ್ಲ.

ಹಾಗೆ ನೋಡಿದ್ರೆ ರೀಲೇ ಬೇಕು ಅಂತ ಎಂತ ಇಲ್ಲ. ನಮ್ಮ ಹೊಳೆ ಬಾಗಿಲಿನಲ್ಲಿ ಒಬ್ಬರು ಅಜ್ಜ ಬರ್ತಾರೆ, ಕೈಗಾಳ, ಪ್ಲಾಸ್ಟಿಕ್ ಬಾಟ್ಲಿಗೆ ತಂಗೂಸಿ, ಅಂದ್ರೆ ನೈಲಾನ್ ದಾರ, ಸುತ್ತಿಕೊಂಡು. ನಾವು ರಾಡು, ರೀಲು, ಬಣ್ಣದ ಲ್ಯೂರು (ಮೀನಿಗೆ ಮೋಸ ಮಾಡುವ ನಕಲಿ ಎರೆ) ಹಿಡ್ಕೊಂಡು ಪೋಸ್ ಕೊಡ್ತಾ ಇದ್ರೆ ಅವರು ಕೆಂಬೇರಿ ಮೀನು ಎಳೆದು ಚೀಲಕ್ಕೆ ಹಾಕಿ ಮನೆಗೆ ಹೋಗಿಯಾಗಿರ್ತದೆ. ನಮ್ಮ ಚೀಲದಲ್ಲಿ ಬಿಸ್ಕೆಟ್. ಅಜ್ಜನ ವೀಡಿಯೊ ಮಾಡ್ಬೇಕು ಅಂತ ಕೇಳಿದ್ದೆ, "ಮೀನು ಓಡಿ ಹೋಗ್ತದೆ, ನೀನು ಆಚೆ ಹೋಗು" ಅಂದ್ರು...

ಅಯ್ಯೊ, ಸೈಡ್ ಪ್ಲೇಟ್ ಬಂತು ನೋಡಿ. ಹತ್ರ ಬಾ, ಹತ್ರ ಬಾ, ಇದನ್ನು ತೋರಿಸು.

ಗ್ರೀಸ್ ನೋಡಿ, ಹಳೇ ಬೆಲ್ಲದ ಹಾಗೆ ಆಗಿದೆ. ಹ್ಯಾಂಡಲ್ ಗಟ್ಟಿ ಇದ್ದದ್ದು ಇದಕ್ಕೇ. ಸೀಮೆಎಣ್ಣೆ, ಹಳೇ ಟೂತ್‌ಬ್ರಶ್, ಅಷ್ಟೇ. ಈಗ ಈ ಗೇರ್. ಟಾರ್ಚ್ ಹಿಡ್ಕೊಂಡು ಉಗುರಿನಲ್ಲಿ ಒಂದೊಂದು ಹಲ್ಲನ್ನೂ ಮುಟ್ಟಿ ನೋಡ್ತಾ ಇದ್ದೇನೆ. ತುದಿ ಚೂಪಾಗಿದ್ರೆ, ಗುಂಡಿ ಬಿದ್ದಿದ್ರೆ ಅಲ್ಲಿಗೇ ಮುಗೀತು, ಮುಚ್ಚಿ ಇಟ್ಟುಬಿಡಿ, ಗ್ರೀಸ್ ಹಾಕಿ ಪ್ರಯೋಜನ ಇಲ್ಲ. ಇದು... ಇಲ್ಲ, ಚೆನ್ನಾಗುಂಟು. ಒಂದೂ ಸವೆದಿಲ್ಲ. ಹೊರಗೆ ಉಪ್ಪು ತಿಂದಿದೆ, ಒಳಗೆ ಬಂದಿಲ್ಲ. ಮಾವ ಎರಡು ಸಲ ಮೀನು ಹಿಡಿದು ಬಿಟ್ಟಿರ್ಬೇಕು, ಕತೆ ಮಾತ್ರ ಇಪ್ಪತ್ತು ವರ್ಷ ಹೇಳಿದ್ದಾರೆ.

ಹಾಗಾದ್ರೆ ಶೋಕೇಸ್ ಕ್ಯಾನ್ಸಲ್. ಈ ರೀಲ್ 1950ರ ದಶಕದಿಂದ ಲಕ್ಷಗಟ್ಟಲೆ ಮಾಡಿದ್ದಾರೆ, ಆಂಟಿಕ್ ಅಂತ ಹೆದರ್ಲಿಕ್ಕೆ ಎಂತ ಇಲ್ಲ. ಮೊನ್ನೆ ಫೋನಿನಲ್ಲಿ ಮಾವ, "ಬಿಚ್ಚಿದ್ರೆ ಮತ್ತೆ ಕೂಡಿಸ್ಲಿಕ್ಕೆ ನಿನ್ನಿಂದ ಆಗುದಿಲ್ಲ ಮಾರಾಯ" ಅಂದಿದ್ರು. ಪ್ರತಿ ಸ್ಟೆಪ್ಪಿಗೂ ಫೋಟೊ ಉಂಟು ಮಾವ, ಬಿಚ್ಚಿದ ಕ್ರಮದಲ್ಲೇ ಮೊಟ್ಟೆಯ ಟ್ರೇಯಲ್ಲಿ ಇಟ್ಟಿದ್ದೇನೆ.

ಸ್ಪ್ರಿಂಗಿಗೆ? ಹೊಲಿಗೆ ಮಿಷನ್ ರಿಪೇರಿ ಮಾಡುವವರಿಗೆ ಮುರಿದದ್ದನ್ನು ತೋರಿಸಿದ್ದೆ. "ಇದೇ ದಪ್ಪದ ಸ್ಟೀಲ್ ತಂತಿ ಉಂಟು, ಸುತ್ತಿ ಕೊಡ್ತೇನೆ, ಎಷ್ಟು ದಿನ ಬಾಳ್ತದೆ ಅಂತ ಕೇಳ್ಬೇಡಿ" ಅಂದ್ರು. 80 ರೂಪಾಯಿ! ಮುರಿದ್ರೆ ಇನ್ನೊಂದು 80. ಅಷ್ಟರ ತನಕ ಬೇಲನ್ನು ಕೈಯಲ್ಲಿ ಮುಚ್ಚುದು, ಅದಕ್ಕೇನು ಹಣ ಕೊಡ್ಬೇಕಾಗಿಲ್ಲ. ಬೇರಿಂಗಿಗೆ ಅವರದ್ದೇ ಹೊಲಿಗೆ ಮಿಷನ್ ಎಣ್ಣೆ ಎರಡು ಹನಿ, ಗೇರಿಗೆ ಬೋಟಿನವರು ಹಾಕುವ ಮೆರೀನ್ ಗ್ರೀಸ್, ತೆಳ್ಳಗೆ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ಆಯ್ತು ಅನ್ಬೇಡಿ, ಅದು ಇದ್ದ ಗ್ರೀಸನ್ನೂ ತೊಳೆದು ಹಾಕ್ತದೆ.

ಇನ್ನೊಂದು, ಎತ್ತಿಡುವಾಗ ಡ್ರ್ಯಾಗ್ ನಾಬ್, ಅಂದ್ರೆ ಮೀನು ಎಳೆದಾಗ ದಾರ ಎಷ್ಟು ಬಿಗಿ ಇರ್ಬೇಕು ಅಂತ ಹೊಂದಿಸುವ ತಿರುಗುಣಿ, ಸಡಿಲ ಮಾಡಿ ಇಡಿ. ಇದನ್ನು ಬಿಗಿ ಮಾಡಿಯೇ ಅಟ್ಟಕ್ಕೆ ಹಾಕಿದ್ದಾರೆ, ಒಳಗೆ ವಾಷರ್ ಅಪ್ಪಚ್ಚಿ ಆಗಿದೆ, ಅದನ್ನು ಮುಂದಿನ ವೀಡಿಯೊದಲ್ಲಿ... ಹೋಯ್ತಾ ಕರೆಂಟು? ಆಫ್ ಮಾಡು, ಆಫ್ ಮಾಡು, ಟ್ರೇ ಬೀಳ್ತದೆ.