ಟರ್ಮಿನಲ್‌ನಲ್ಲಿ ಇದೆ, ಮೆನುವಿನಲ್ಲಿ ಇಲ್ಲ

ನಮಸ್ಕಾರ. ಲಿನಕ್ಸ್ ಡೆಸ್ಕ್‌ಟಾಪ್ ಬಳಸೋರಿಗೆಲ್ಲ ಒಂದಲ್ಲ ಒಂದು ದಿನ ಹೀಗಾಗಿರುತ್ತೆ. ಬ್ಯಾಶ್‌ಆರ್‌ಸಿ ಫೈಲ್ (ಟರ್ಮಿನಲ್‌ನಲ್ಲಿ ಕಮಾಂಡ್ ನಡೆಸೋ ಬ್ಯಾಶ್ ಅನ್ನೋ ಶೆಲ್ ಶುರುವಾಗುವಾಗ ಓದೋದು) ತೆಗೆದು ಪಾತ್‌ಗೆ, ಅಂದ್ರೆ ಪ್ರೋಗ್ರಾಂ ಹುಡುಕೋ ಫೋಲ್ಡರ್‌ಗಳ ಪಟ್ಟಿಗೆ, ಹೊಸದೊಂದು ಫೋಲ್ಡರ್ ಸೇರಿಸ್ತೀರಿ. ಟರ್ಮಿನಲ್‌ನಲ್ಲಿ ಎಕೋ ಮಾಡಿ ನೋಡಿದ್ರೆ ಬಂದಿದೆ. ಅಲ್ಲಿಂದಲೇ ಎಡಿಟರ್ ಶುರು ಮಾಡಿದ್ರೆ ಎಲ್ಲ ಸರಿ. ಅದೇ ಎಡಿಟರನ್ನ ಮೆನುವಿನಿಂದ ತೆಗೆದ್ರೆ ಕಂಪೈಲರ್ ಸಿಗ್ತಿಲ್ಲ ಅಂತ ಗೋಳಾಡುತ್ತೆ. ಒಂದೇ ಯಂತ್ರ, ಒಂದೇ ಯೂಸರ್, ಒಂದೇ ಎಡಿಟರ್!

ಆಗ ಸಿಗೋ ಸಲಹೆ ಗೊತ್ತೇ ಇದೆಯಲ್ಲ. ಪ್ರೊಫೈಲ್‌ಗೆ ಹಾಕಿ, ಇಟಿಸಿ ಎನ್ವಿರಾನ್‌ಮೆಂಟ್‌ಗೆ ಹಾಕಿ, ಎಲ್ಲ ಕಡೆನೂ ಹಾಕಿ ರೀಬೂಟ್ ಮಾಡಿಬಿಡಿ. ವರ್ಷಗಟ್ಟಲೆ ನಾನೂ ಮಾಡಿದ್ದು ಅದನ್ನೇ. ಈಗ ನನ್ನ ವಾದ ಇಷ್ಟು: ಯಾವ ಫೈಲ್ ಅಂತ ಹುಡುಕೋ ಮೊದಲು, ಈ ಆ್ಯಪನ್ನ ಹೆತ್ತೋರು ಯಾರು ಅಂತ ಕೇಳಿ.

ಪಾತ್‌ನಂಥ ಹೆಸರು-ಬೆಲೆ ಜೋಡಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತಾರೆ. ಅದು 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಬಂದದ್ದು. ಅವತ್ತಿನ ನಿಯಮವೇ ಇವತ್ತಿಗೂ. ಪ್ರೋಸೆಸ್, ಅಂದ್ರೆ ಓಡೋ ಪ್ರೋಗ್ರಾಂ, ಹುಟ್ಟುವಾಗ ಅದನ್ನ ಶುರು ಮಾಡಿದ ತಾಯಿಯ ವೇರಿಯಬಲ್ ಪಟ್ಟಿಯ ಒಂದು ನಕಲು ಕೈಗೆ ಸಿಗುತ್ತೆ. ಆಮೇಲೆ ತಾಯಿ ತನ್ನ ಪಟ್ಟಿ ಎಷ್ಟು ತಿದ್ದಿಕೊಂಡ್ರೂ ಮಗುವಿಗೆ ಸುದ್ದಿ ಮುಟ್ಟಲ್ಲ. ಬ್ಯಾಶ್‌ಆರ್‌ಸಿ ಓದೋದು ಟರ್ಮಿನಲ್ ಒಳಗೆ ಕೂತಿರೋ ಬ್ಯಾಶ್. ನಿಮ್ಮ ಮೆನು ಆ ಬ್ಯಾಶ್‌ನ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ಕಥೆ ಮುಗೀತು.

ಹಿಂದೆ ಇದು ಸುಲಭವಾಗಿತ್ತು, ಒಪ್ತೀನಿ. ಡೆಸ್ಕ್‌ಟಾಪ್ ಶುರು ಮಾಡೋಕೆ ಸ್ಟಾರ್ಟ್‌ಎಕ್ಸ್ ಅಂತ ಹೊಡೆದ್ರೆ ಎಕ್ಸ್‌ಇನಿಟ್‌ಆರ್‌ಸಿ ಅನ್ನೋ ಒಂದೇ ಸ್ಕ್ರಿಪ್ಟ್ ಇಡೀ ಸೆಷನ್‌ಗೆ ತಾಯಿ. ಅದರಲ್ಲಿ ಬರೆದದ್ದು ಪ್ರತಿ ಕಿಟಕಿಗೂ ತಲುಪ್ತಿತ್ತು. ಈಗ ಲಾಗಿನ್ ಆದ ಕೂಡಲೇ ನಿಮ್ಮ ಹೆಸರಲ್ಲಿ ಸಿಸ್ಟಮ್‌ಡಿ ಯೂಸರ್ ಮ್ಯಾನೇಜರ್ ಅಂತ ಇನ್ನೊಬ್ಬ ತಾಯಿ ಏಳ್ತಾಳೆ. ಸಿಸ್ಟಮ್‌ಡಿ ಅಂದ್ರೆ ಸರ್ವಿಸ್‌ಗಳನ್ನ ಎಬ್ಬಿಸಿ ನೋಡ್ಕೊಳ್ಳೋ ಪ್ರೋಗ್ರಾಂ. ಡಿ-ಬಸ್ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡೋ ದಾರಿ) ಕರೆದಾಗ ಹುಟ್ಟೋ ಸರ್ವಿಸ್‌ಗಳೆಲ್ಲ ಹೆಚ್ಚಾಗಿ ಅವಳ ಮಕ್ಕಳು. ನೀವು ಟಿಟಿವೈನಲ್ಲಿ, ಅಂದ್ರೆ ಬರೀ ಅಕ್ಷರದ ಪರದೆಯಲ್ಲಿ, ಲಾಗಿನ್ ಆಗಿ ಸ್ವೇ ಥರದ ಕಂಪೋಸಿಟರನ್ನ (ಪರದೆ ಮೇಲೆ ಕಿಟಕಿಗಳನ್ನ ಮೂಡಿಸೋ ಪ್ರೋಗ್ರಾಂ) ಕೈಯಾರೆ ಶುರು ಮಾಡಿದ್ರೆ, ಅದು ಲಾಗಿನ್ ಶೆಲ್‌ನ ಮಗು. ಒಂದೇ ಮನೆ, ಎರಡು ಒಲೆ.

ಇದರ ಫಲ ಏನು? ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಒತ್ತಿದ್ರೆ ಏನೂ ಬರಲ್ಲ. ಸ್ಕ್ರೀನ್ ತೋರಿಸಬೇಕಾದ ಡೆಸ್ಕ್‌ಟಾಪ್ ಪೋರ್ಟಲ್ ಯೂಸರ್ ಮ್ಯಾನೇಜರ್ ಕಡೆಯದು. ಅದರ ಪಟ್ಟಿಯಲ್ಲಿ, ಪರದೆ ಎಲ್ಲಿದೆ ಅಂತ ಹೇಳೋ ವೇಲ್ಯಾಂಡ್ ಡಿಸ್‌ಪ್ಲೇ ಅನ್ನೋ ವೇರಿಯಬಲ್ಲೇ ಇಲ್ಲ. ಇನ್ನು ಕೆಲವು ಆ್ಯಪ್‌ಗಳು ಕ್ಲಿಕ್ ಮಾಡಿ ಸುಮಾರು 25 ಸೆಕೆಂಡ್ ಆದ್ಮೇಲೆ ಮುಖ ತೋರಿಸ್ತವೆ. ಯಂತ್ರ ನಿಧಾನ ಅಂತ ಬೈಕೋಬೇಡಿ. ಉತ್ತರ ಬರದ ಡಿ-ಬಸ್ ಕರೆಗೆ ಕಾಯೋ ಮಾಮೂಲಿ ಗಡುವು ಅದು. ಇದಕ್ಕೆ ಕಂಪೋಸಿಟರ್ ಶುರುವಾದ ತಕ್ಷಣ ಡಿ-ಬಸ್ ಅಪ್‌ಡೇಟ್ ಆ್ಯಕ್ಟಿವೇಶನ್ ಎನ್ವಿರಾನ್‌ಮೆಂಟ್ ಅನ್ನೋ ಉದ್ದ ಹೆಸರಿನ ಕಮಾಂಡ್‌ನಿಂದ ಬೇಕಾದ ಎರಡು ಮೂರು ವೇರಿಯಬಲ್ ಆ ಕಡೆ ದಾಟಿಸಬೇಕು. ಎರಡು ಮೂರು ಮಾತ್ರ, ಆಯ್ತಾ? ಇಡೀ ಪಟ್ಟಿ ಸುರಿದ್ರೆ ಶೆಲ್‌ನ ಕಸವೆಲ್ಲ ಹೋಗಿ ಸರ್ವಿಸ್‌ಗಳ ತಲೆಗೆ ಮೆತ್ಕೊಳ್ಳುತ್ತೆ. ಹಾಗೇ, ಪಾಸ್‌ವರ್ಡ್, ಎಪಿಐ ಕೀ ಇಲ್ಲಿ ಇಡಬೇಡಿ. ನಿಮ್ಮ ಹೆಸರಲ್ಲಿ ಓಡೋ ಯಾವ ಪ್ರೋಗ್ರಾಂ ಬೇಕಾದ್ರೂ ಅದನ್ನ ಓದಬಹುದು.

ಹಿನ್ನೆಲೆ ಸರ್ವಿಸ್‌ಗಳದ್ದೂ ಇದೇ ಹಾಡು. ಎಸ್‌ಎಸ್‌ಎಚ್ ಏಜೆಂಟನ್ನ (ದೂರದ ಯಂತ್ರಕ್ಕೆ ಲಾಗಿನ್ ಆಗೋ ಕೀಗಳನ್ನ ನೆನಪಿಟ್ಕೊಳ್ಳೋ ಪ್ರೋಗ್ರಾಂ) ನಾನು ಬ್ಯಾಶ್‌ಆರ್‌ಸಿಯಲ್ಲೇ ಶುರು ಮಾಡ್ತಿದ್ದೆ. ಒಂದು ದಿನ ಓಡ್ತಿರೋ ಪ್ರೋಗ್ರಾಂಗಳನ್ನ ತೋರಿಸೋ ಪಿಎಸ್ ಕಮಾಂಡ್ ಹಾಕಿ ನೋಡಿದ್ರೆ ಹದಿನಾಲ್ಕು ಏಜೆಂಟ್! ತೆಗೆದ ಟರ್ಮಿನಲ್‌ಗೊಂದರಂತೆ. ಮುಚ್ಚಿದ ಟರ್ಮಿನಲ್‌ಗಳವೂ ಅನಾಥವಾಗಿ ಹಾಗೇ ಓಡ್ತಿದ್ದವು.

ಬುದ್ಧಿ ಬಂದು ಕ್ಲಿಪ್‌ಬೋರ್ಡ್ ಕಾಯೋ ಪ್ರೋಗ್ರಾಂಗೆ ಯೂನಿಟ್ ಫೈಲ್, ಅಂದ್ರೆ ಅದನ್ನ ಹೇಗೆ ಎಬ್ಬಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳೋ ಫೈಲ್, ಬರೆದೆ. ಸೋತ್ರೆ ಮತ್ತೆ ಎಬ್ಬಿಸು ಅಂತಲೂ ಹೇಳಿದ್ದೆ. ಅದನ್ನ ಡಿಫಾಲ್ಟ್ ಟಾರ್ಗೆಟ್‌ಗೆ, ಅಂದ್ರೆ ಯೂಸರ್ ಮ್ಯಾನೇಜರ್ ಎದ್ದ ಕೂಡಲೇ ಏಳೋ ಗುಂಪಿಗೆ, ಕಟ್ಟಿದ್ದು ನನ್ನ ತಪ್ಪು. ಕಂಪೋಸಿಟರ್ ಇನ್ನೂ ಕಣ್ಣು ಬಿಟ್ಟಿಲ್ಲ, ಇದು ಆಗಲೇ ಎದ್ದು ಡಿಸ್‌ಪ್ಲೇ ಎಲ್ಲಿ ಅಂತ ಹುಡುಕಿ ಸತ್ತಿದೆ. ಸಿಸ್ಟಮ್‌ಡಿ 100 ಮಿಲಿಸೆಕೆಂಡ್ ಬಿಟ್ಟು ಮತ್ತೆ ಎಬ್ಬಿಸಿದೆ, ಮತ್ತೆ ಸತ್ತಿದೆ. 10 ಸೆಕೆಂಡ್‌ನಲ್ಲಿ 5 ಸಲಕ್ಕಿಂತ ಹೆಚ್ಚು ಎಬ್ಬಿಸೋದಿಲ್ಲ ಅನ್ನೋದು ಅದರ ಮಾಮೂಲಿ ಮಿತಿ. ಐದು ಸಲ ಆಯ್ತು, ಕೈ ತೊಳ್ಕೊಳ್ತು. ಪರದೆ ಮೂಡೋ ಹೊತ್ತಿಗೆ ಸರ್ವಿಸ್‌ನ ತಿಥಿಯೂ ಮುಗಿದಿತ್ತು. ಗ್ರಾಫಿಕಲ್ ಸೆಷನ್ ಟಾರ್ಗೆಟ್‌ಗೆ ಕಟ್ಟಿ, ಅದರ ನಂತರವೇ ಏಳು ಅಂತ ಒಂದು ಸಾಲು ಬರೆದ ಮೇಲೆ ಒಮ್ಮೆಯೂ ತಕರಾರಿಲ್ಲ.

ಹಾಗಾದ್ರೆ ವೇರಿಯಬಲ್ ಎಲ್ಲಿಡೋದು? ಕಾನ್ಫಿಗ್ ಫೋಲ್ಡರ್ ಒಳಗೆ ಎನ್ವಿರಾನ್‌ಮೆಂಟ್ ಡಾಟ್ ಡಿ ಅಂತ ಒಂದು ಜಾಗ ಇದೆ, 2017ರಿಂದಲೇ ಇದೆ. ಹೆಸರು, ಸಮ ಚಿಹ್ನೆ, ಬೆಲೆ. ಎಕ್ಸ್‌ಪೋರ್ಟ್ ಬೇಡ, ಇಫ್ ಎಲ್ಸ್ ನಡೆಯಲ್ಲ. ನನಗಂತೂ ಆ ಬಡತನವೇ ಇಷ್ಟ. ಆದ್ರೆ ಅದನ್ನ ಓದೋದು ಯೂಸರ್ ಮ್ಯಾನೇಜರ್, ಆದ್ದರಿಂದ ಕೈಯಾರೆ ಶುರು ಮಾಡಿದ ಸ್ವೇಗೆ ಅದು ಸಿಗಲ್ಲ. ಅದಕ್ಕೇ ಕಂಪೋಸಿಟರನ್ನೂ ಒಂದು ಯೂಸರ್ ಸರ್ವಿಸ್ ಮಾಡಿಬಿಡಿ ಅಂತೀನಿ. ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್ 3.34ರಿಂದ ಸೆಷನ್ ಹಾಗೇ ನಡೆಸ್ತಿದೆ, ಪ್ಲಾಸ್ಮಾ 5.25ರಿಂದ ಅದೇ ಮಾಮೂಲಿ ದಾರಿ. ಸಿಸ್ಟಮ್‌ಡಿ ಕಂಡ್ರೆ ಆಗದವರು ಈಗ ಹಲ್ಲು ಕಡೀತಿರ್ತೀರಿ, ಕಡೀರಿ. ನನಗೆ ಎರಡು ಒಲೆ ಸಂಸಾರ ಸಾಕಾಗಿದೆ.

ಒಂದು ಮಾತು ಬಿಟ್ಟಿದ್ದೆ. ಎನ್ವಿರಾನ್‌ಮೆಂಟ್ ಡಾಟ್ ಡಿ ತಿದ್ದಿ, ಲಾಗೌಟ್ ಆಗಿ, ತಕ್ಷಣ ಲಾಗಿನ್ ಆದ್ರೆ ಹಳೇ ಬೆಲೆಯೇ ಕಾಣಬಹುದು. ಲಾಗೌಟ್ ಆದ ಮೇಲೂ ಯೂಸರ್ ಮ್ಯಾನೇಜರ್ 10 ಸೆಕೆಂಡ್ ಉಸಿರಾಡ್ತಾನೇ ಇರುತ್ತೆ. ನಾನು ಒಂದು ಮಧ್ಯಾಹ್ನ ಪೂರ್ತಿ ಫೈಲ್‌ನಲ್ಲಿ ತಪ್ಪು ಹುಡುಕ್ತಾ ಕೂತಿದ್ದೆ. ನೀವು ಹತ್ತರವರೆಗೆ ಎಣಿಸಿ ಪಾಸ್‌ವರ್ಡ್ ಹಾಕಿ. ಹನ್ನೆರಡೇ ಇರಲಿ.